ಗುರುಬಸಮ್ಮ ಒಬ್ಬರೇ ಕಟ್ಟಿದ ಇಂಜಿನ್

ಬೆಳಿಗ್ಗೆ ನಡೆದದ್ದನ್ನು ಮಗಳು ಏಳುವುದರೊಳಗೆ ಬರೆದಿಡುತ್ತೇನೆ.

ಶ್ರೀರಾಂಪುರದ ಗುರುಬಸಮ್ಮ ತಿಪಟೂರು ಕಡೆಯವರು. ಮದುವೆಯಾಗಿ ಬಂದಾಗ ಗಂಡ ಪುಟ್ಟಯ್ಯನವರ ಇಂಜಿನ್ ಶೆಡ್ಡಿನಲ್ಲಿ ಸೀಮೆಎಣ್ಣೆ ಹಾಕಿ ಬಿಡಿಭಾಗ ತೊಳೆಯುವುದಷ್ಟೇ ಅವರ ಕೆಲಸ. ಆಮೇಲೆ ಅಳತೆ ನೋಡುವುದು, ಆಮೇಲೆ ಬೋಲ್ಟ್ ಬಿಗಿಯುವುದು. ಮೂವತ್ತು ವರ್ಷ ಕಳೆದರೂ ಗಿರಾಕಿಗಳ ಪಾಲಿಗೆ ಅವರು ಟೀ ತಂದುಕೊಡುವ ಅಮ್ಮ. ಹೋದ ವರ್ಷ ಪುಟ್ಟಯ್ಯನವರ ಕೈಗೆ ನಡುಕ ಬಂತು. ಶೆಡ್ ಮುಚ್ಚಿಬಿಡೋಣ ಎಂದರು. ಇವರು ಒಪ್ಪಲಿಲ್ಲ. ಕೊನೆಗೆ ಗಂಡಹೆಂಡತಿ ಒಂದು ಮಾತಿಗೆ ಬಂದರು: ಒಂದು ಇಂಜಿನ್ ಗುರುಬಸಮ್ಮ ಒಬ್ಬರೇ ಕಟ್ಟಬೇಕು. ಸರಿ ಬಂದರೆ ಶೆಡ್ ಅವರದು, ಕೆಟ್ಟರೆ ಬೀಗ.

ಆ ಇಂಜಿನ್ ನನ್ನದು. ಮಗಳು ನನ್ನ ಹೊಟ್ಟೆಗೆ ಬರುವ ಮುಂಚೆ ಭಾನುವಾರದ ಮಣ್ಣಿನ ರೇಸುಗಳಲ್ಲಿ ನಾನು ಓಡಿಸುತ್ತಿದ್ದ ಕಾರಿನದು. ಅಳತೆ ನೋಡುವಾಗ ಗುರುಬಸಮ್ಮ ಉಸಿರು ಬಿಗಿಹಿಡಿಯುವುದನ್ನು ಗಮನಿಸಿದ್ದೆ, ಅದಕ್ಕೇ ಕೊಟ್ಟೆ.

ಇವತ್ತು ಮೊದಲ ಓಟ. ಆರು ಗಂಟೆಗೇ ನಮ್ಮತ್ತೆ ನನ್ನ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂಬೆಹಣ್ಣು, ಕುಂಕುಮ, ಆರತಿ ತಟ್ಟೆಯ ಸಮೇತ ಮಲ್ಲೇಶ್ವರದಿಂದ ಆಟೋದಲ್ಲಿ ಶೆಡ್ಡಿಗೆ ಬಂದಿಳಿದರು. ಮಗಳನ್ನು ಪುಟ್ಟಯ್ಯನವರ ಪಕ್ಕದ ಬೆಂಚಿನ ಮೇಲೆ ಕೂರಿಸಿ, ಆರತಿ ಬೆಳಗುವಾಗ ಗಾಡಿ ಸ್ಟಾರ್ಟ್ ಆಗಿರಬೇಕು ಎಂದರು. ನಾನು ಯೋಚಿಸದೆ ಕೀ ತಿರುಗಿಸಿದೆ. ಗುರುಬಸಮ್ಮ ಕಿಟಕಿಯೊಳಗೆ ಕೈ ಹಾಕಿ ಆಫ್ ಮಾಡಿಯೇಬಿಟ್ಟರು. ಆರತಿಯ ಮಧ್ಯೆ ಇಂಜಿನ್ ನಿಂತಿದ್ದಕ್ಕೆ ಅತ್ತೆಯ ಮುಖ ಬಿಗಿದುಕೊಂಡಿತು.

“ತಪ್ಪು ತಿಳ್ಕೋಬೇಡೀಮ್ಮಾ. ದೇವ್ರು ಕಾಯ್ತಾನೆ, ಇದು ಕಾಯಲ್ಲ.”

ಹೊಸ ಪಿಸ್ಟನ್ ರಿಂಗುಗಳು ಸಿಲಿಂಡರಿನ ಗೋಡೆಗೆ ಹೊಂದಿಕೊಳ್ಳುವುದು ಮೊದಲ ಕೆಲವು ಮೈಲಿಗಳಲ್ಲೇ ಅಂತೆ. ನಿಂತಲ್ಲೇ ಗುರುಗುಟ್ಟಿಸಿದರೆ ಗೋಡೆ ನುಣುಪಾಗಿ, ಇಂಜಿನ್ ಸಾಯುವ ತನಕ ಆಯಿಲ್ ಕುಡಿಯುತ್ತದಂತೆ. ಅತ್ತೆ ಎಲ್ಲವನ್ನೂ ಕೇಳಿ, ತಣ್ಣನೆಯ ಕಾರಿಗೇ ಆರತಿ ಎತ್ತಿ, ಇನ್ನೇನು ನೋಡ್ತಾ ಇದೀಯ ಹೊರಡು ಎಂದು ನನ್ನನ್ನೇ ಗದರಿದರು.

ಗುರುಬಸಮ್ಮ ಪಕ್ಕದ ಸೀಟಿನಲ್ಲಿ ಕೂತರು. ತುಮಕೂರು ರಸ್ತೆ ಖಾಲಿಯಿತ್ತು. ಆದರೂ ನನ್ನ ಕಾಲು ಆಕ್ಸಿಲರೇಟರ್ ಒತ್ತಲು ಮುಂದಾಗಲಿಲ್ಲ. ಎಂಟು ತಿಂಗಳ ಕೂಸಿನ ತಾಯಿಗೆ ಹೊಸದು ಏನೇ ಕೊಟ್ಟರೂ ಮೆತ್ತಗೆ ಹಿಡಿಯುವುದೇ ಅಭ್ಯಾಸ.

“ಏನ್ರೀ, ತೊಟ್ಟಿಲು ತೂಗ್ತಿದೀರಾ? ಒತ್ರೀ” ಎಂದರು ಗುರುಬಸಮ್ಮ.

ಮೂರನೇ ಗೇರಿನಲ್ಲಿ ಒತ್ತುವುದು, ವೇಗ ಬಂದಮೇಲೆ ಕಾಲು ಪೂರ್ತಿ ತೆಗೆದು ತಾನಾಗಿ ಇಳಿಯಲು ಬಿಡುವುದು, ಮತ್ತೆ ಒತ್ತುವುದು. ಪ್ರತಿ ಸಲವೂ ಹಿಂದೆ ನೀಲಿ ಹೊಗೆ, ಒಳಗೆ ಆಯಿಲ್ ಉರಿಯುತ್ತಿರುವ ಗುರುತು. ಅವರು ಸೀಟಿನಲ್ಲಿ ತಿರುಗಿ ಕೂತು ಅದನ್ನೇ ನೋಡುತ್ತಿದ್ದರು. ಹತ್ತು ಸಲವಾಯಿತು, ಹೊಗೆ ನಿಲ್ಲಲಿಲ್ಲ. ಅವರು ಮಾತ್ರ ಇನ್ನೊಂದ್ಸಲ, ಇನ್ನೊಂದ್ಸಲ ಎನ್ನುತ್ತಲೇ ಇದ್ದರು. ನೆಲಮಂಗಲ ದಾಟಿದ ಮೇಲೆ ಕನ್ನಡಿಯಲ್ಲಿ ಬರೀ ರಸ್ತೆ ಕಾಣಿಸಿತು. ನಾನು ನಕ್ಕೆ, ಅವರು ನಗಲಿಲ್ಲ. ಆಯಿಲಿನಲ್ಲಿ ಲೋಹದ ಚೂರು ಸಿಕ್ಕರೆ ಒಳಗೆ ಏನೋ ಸವೆದಿದೆ ಎಂದೇ ಅರ್ಥ, ಅದನ್ನು ನೋಡದೆ ಏನೂ ಹೇಳಲಾಗದು ಎಂದರು.

ಶೆಡ್ಡಿಗೆ ವಾಪಸು ಬಂದು ಬಿಸಿ ಆಯಿಲನ್ನು ಬಾಣಲಿಗೆ ಇಳಿಸಿದರು. ನೋಡಲು ಮಾತ್ರ ಮುಂದಾಗದೆ ಗಂಡನ ಕಡೆ ತಳ್ಳಿದರು. ಪುಟ್ಟಯ್ಯ ನಡುಗುವ ಕೈಯಲ್ಲಿ ಅಯಸ್ಕಾಂತ ಅದ್ದಿ, ಬಿಳಿ ಬಟ್ಟೆಗೆ ಒರೆಸಿ, ಬಿಸಿಲಿಗೆ ಹಿಡಿದರು. ಮತ್ತೆ ಅದ್ದಿದರು. ಬಟ್ಟೆಯ ಮೇಲೆ ಕಾಡಿಗೆಯಂಥ ನುಣ್ಣನೆಯ ಪುಡಿ, ಅಷ್ಟೇ.

“ಏನೂ ಇಲ್ಲ ಕಣೇ. ನಾನು ಕಟ್ಟಿದ್ರೂ ಇಷ್ಟೇ.”

“ನಿಮ್ದರಲ್ಲಿ ಒಂದೆರಡು ಚೂರು ಸಿಕ್ತಿತ್ತು” ಎಂದರು ಗುರುಬಸಮ್ಮ. ಹಾಗೆ ಹೇಳುತ್ತಲೇ ನೆಲದ ಮೇಲೆ ಕುಸಿದು ಕೂತು, ನನ್ನ ಮಗಳನ್ನು ಮಡಿಲಿಗೆಳೆದುಕೊಂಡು, ಅವಳ ಫ್ರಾಕಿಗೆ ಎಣ್ಣೆಯಾಗುತ್ತಿದೆ ಎಂಬುದನ್ನೂ ಮರೆತು ನಕ್ಕರು.

ಅಷ್ಟರಲ್ಲಿ ಯಾರೋ ಗಿರಾಕಿ ಬಾಗಿಲಿಗೆ ಬಂದು, ತನ್ನ ಕಾರಿನ ಇಂಜಿನ್ ಬಡಿದುಕೊಳ್ಳುತ್ತಿದೆ, ಸ್ವಲ್ಪ ನೋಡುತ್ತೀರಾ ಎಂದು ಪುಟ್ಟಯ್ಯನವರನ್ನು ಕೇಳಿದ. ಪುಟ್ಟಯ್ಯ ಎದ್ದು ತಮ್ಮ ಸ್ಟೂಲನ್ನು ಅವನತ್ತ ಸರಿಸಿದರು.

“ಕೂತ್ಕೊಳ್ಳಿ. ಯಜಮಾನ್ರು ಕೈ ತೊಳ್ಕೊಂಡು ಬರ್ತಾರೆ.”