ಬಿಜಲಿಯ ಬಲಗಣ್ಣು

ಬೆಳಗಿನ ನಮಾಜು ಮುಗಿಸಿ, ತನ್ನ ಚಹಾಕ್ಕೆ ನೀರಿಡುವ ಮೊದಲು ಖುರ್ಷಿದಬೇಗಂ ಕುದುರೆಯ ಕಣ್ಣು ಒರೆಸುತ್ತಾಳೆ. ಹಿಂದಿನ ಸಂಜೆ ಬೇವಿನೆಲೆ ಹಾಕಿ ಕುದಿಸಿ, ಸೋಸಿ, ಆರಲು ಬಿಟ್ಟ ನೀರು ಚರಿಗೆಯಲ್ಲಿ ತಣ್ಣಗೆ ಕೂತಿರುತ್ತದೆ. ಹಳೆಯ ಧೋತರದ ಎರಡು ತುಂಡು: ಒಂದು ಎಡಗಣ್ಣಿಗೆ, ಒಂದು ಬಲಗಣ್ಣಿಗೆ. ಒಂದರ ಬಟ್ಟೆ ಇನ್ನೊಂದಕ್ಕೆ ಸೋಕಿಸುವುದಿಲ್ಲ. ಬಿಸ್ಮಿಲ್ಲಾ ಎಂದು ಮೂಲೆಯ ಪಿಸುರನ್ನು ಹೊರಕ್ಕೆ ಎಳೆದು ತೆಗೆಯುತ್ತಾಳೆ. ಕಣ್ಣಿನ ನೀರು ಕುಡಿಯಲು ನೊಣ ಬರುತ್ತದೆ, ಕುಡಿಯುವಾಗ ಹುಳು ಬಿಟ್ಟು ಹೋಗುತ್ತದೆ; ನೊಣ ಏಳುವ ಮೊದಲೇ ಕಣ್ಣು ಸ್ವಚ್ಛವಾಗಿರಬೇಕು.

ತನಗೆ ಜ್ವರ ಬಂದ ದಿನವೂ ಇದು ತಪ್ಪಿಲ್ಲ. ಮಗಳು ಫರಹೀನಳನ್ನು ಜೇವರ್ಗಿಗೆ ಕೊಟ್ಟು ಕಳಿಸಿದ ದಿನವೂ ತಪ್ಪಿಲ್ಲ. ಆರು ವರ್ಷದ ಹಿಂದೆ ಗಂಡ ದಾವಲಸಾಬ ತೀರಿಕೊಂಡು ಮಯ್ಯತ್ತು ಅಂಗಳದಲ್ಲಿದ್ದಾಗ ಓಣಿಯ ಹೆಂಗಸರು ಆಕೆಯನ್ನು ಹಿಡಿದು ಕೂಡಿಸಿದ್ದರು. ಆಕೆ ಕೈ ಬಿಡಿಸಿಕೊಂಡು ಎದ್ದಳು. "ಎಲ್ಲಿ ಹೊಂಟಿ ಬೇ, ಇಂಥಾ ಹೊತ್ತಿನ್ಯಾಗ?" ಎಂದು ಯಾರೋ ಕೇಳಿದರು. "ನೊಣಕ್ಕೇನ್ ಗೊತ್ತು, ಇಂಥಾ ಹೊತ್ತು ಅಂತ?" ಎಂದು ಹಿತ್ತಲಿಗೆ ನಡೆದಳು.

ನಿಂಬರ್ಗಾದ ಅಂಚಿನಲ್ಲಿ, ತೊಗರಿ ಹೊಲ ಶುರುವಾಗುವಲ್ಲಿ ಆಕೆಯ ಮನೆ. ದಾವಲಸಾಬ ಆಳಂದದಲ್ಲಿ ಟಾಂಗಾ ಹೊಡೆಯುತ್ತಿದ್ದವನು. ಆಟೋ ಬಂದು ಟಾಂಗಾ ಮೂಲೆಗೆ ಬಿದ್ದ ಮೇಲೆ ಒಂದು ಬಿಳಿ ಹೆಣ್ಣುಮರಿ ತಂದು ಸಾಕಿ, ಮದುವೆಯ ಮೆರವಣಿಗೆಗೆ ಪಳಗಿಸಿದ. ಅದೇ ಬಿಜಲಿ. ಈಗ ಅದಕ್ಕೆ ಹದಿನಾಲ್ಕು ವರ್ಷ. ಹಿಂದೂ ಮದುವೆ, ಮುಸಲ್ಮಾನರ ಮದುವೆ ಎಂಬ ಭೇದವಿಲ್ಲದೆ ಮೂರು ತಾಲ್ಲೂಕಿನ ಮದುಮಕ್ಕಳು ಅದರ ಬೆನ್ನೇರಿದ್ದಾರೆ.

ಗಂಡನಿಂದ ಆಕೆಗೆ ಬಂದದ್ದು ಕುದುರೆ ಮಾತ್ರವಲ್ಲ, ನೊಣದ ವಿದ್ಯೆಯೂ ಬಂತು. ಅಂಗಡಿಯ ಸ್ಪ್ರೇ ಹೊಡೆದಾಗ ಬಿಜಲಿಯ ಮೈಯೆಲ್ಲ ದದ್ದು ಎದ್ದಿದ್ದರಿಂದ ದಾವಲಸಾಬ ಅದನ್ನು ಮತ್ತೆ ಮುಟ್ಟಿರಲಿಲ್ಲ. ಲದ್ದಿಯನ್ನು ದಿನಕ್ಕೆ ಎರಡು ಸಲ ಎತ್ತಿ ದೂರ ಒಯ್ದು ಬಿಸಿಲಿಗೆ ತೆಳ್ಳಗೆ ಹರವಬೇಕು. ಒಣಗಿದ್ದರಲ್ಲಿ ನೊಣ ತತ್ತಿ ಇಡುವುದಿಲ್ಲ. ಉಚ್ಚೆಯಿಂದ ತೊಯ್ದ ಮಣ್ಣು ಕೆರೆದು ತೆಗೆದು ಬೂದಿ, ಸುಣ್ಣ ಚೆಲ್ಲಬೇಕು. ಬೇವಿನೆಣ್ಣೆಯನ್ನು ಎಳ್ಳೆಣ್ಣೆಯಲ್ಲಿ ತಿಳಿ ಮಾಡಿ ಕಾಲಿಗೆ, ಹೊಟ್ಟೆಯ ಕೆಳಗೆ ಸವರಬೇಕು, ಅದೂ ಬಿಸಿಲು ಇಳಿದ ಮೇಲೆ. ಮಧ್ಯಾಹ್ನ ಸವರಿದರೆ ಚರ್ಮ ಸುಡುತ್ತದೆ. ಮುಸ್ಸಂಜೆಗೆ ಬೇವು ಮತ್ತು ಲಕ್ಕಿ ಸೊಪ್ಪಿನ ಹೊಗೆ ಹಾಕಬೇಕು, ಆದರೆ ಕುದುರೆ ಕೆಮ್ಮುವಷ್ಟಲ್ಲ. ಹಣೆಗೆ ಹುರಿಯ ಜಾಲರಿ ಕಟ್ಟಬೇಕು, ತಲೆ ಆಡಿಸಿದಾಗ ಎಳೆಗಳೇ ನೊಣ ಹೊಡೆಯುತ್ತವೆ. ವಿಡಿಯೋದವರು ಬಾಲ ಹೆಣೆದು ರಿಬ್ಬನ್ ಕಟ್ಟು ಎಂದು ಎಷ್ಟು ಬೇಡಿದರೂ ದಾವಲಸಾಬ ಒಪ್ಪುತ್ತಿರಲಿಲ್ಲ. "ದೇವರು ಕೊಟ್ಟ ಬೀಸಣಿಕಿ ಕಟ್ಟಿ ಹಾಕಂತೀರಲ್ಲೋ! ನಿಮ್ಮ ಕೈ ಕಟ್ಟಿ ನೊಣದಾಗ ನಿಂದ್ರಸ್ಲೇನು?" ಎನ್ನುತ್ತಿದ್ದ.

ಸುತ್ತಲಿನ ರೈತರು ಎತ್ತು, ಎಮ್ಮೆಗಳ ಕಾಟ ಹೇಳಿಕೊಂಡು ಆಕೆಯ ಬಳಿ ಬರುತ್ತಾರೆ. ಪಕ್ಕದೂರು ಕಿಣ್ಣಿ ಸುಲ್ತಾನದ ಶಿವರಾಯ ಒಮ್ಮೆ ಬಂದು, "ಬೇಗಂ ಅವ್ವಾ, ಎತ್ತಿಗಿ ನೊಣ ಭಾಳ ಆಗ್ಯಾವ. ಏನರೆ ಮಂತ್ರ ಹಾಕ್ರಿ" ಎಂದ.

"ಮಂತ್ರ ಹಾಕ್ತೇನಿ. ಮೊದಲ ಹೇಳು, ನಿನ್ನ ತಿಪ್ಪಿ ಎಲ್ಲಿ ಅದ?"

"ದನದ ಕೊಟ್ಟಿಗಿ ಬಾಗಿಲದಾಗ ಅದ್ರಿ."

"ಹಂಗಾದ್ರ ನೊಣಕ್ಕ ಮನಿ ಕಟ್ಟಿಕೊಟ್ಟವ ನೀನಽ. ಹೋಗಿ ತಿಪ್ಪಿ ಎತ್ತು. ಇದಽ ಮಂತ್ರ."

ಕಳೆದ ವರ್ಷ ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದವು. ಊರಿನ ಅಮರನಾಥ ಪಾಟೀಲರ ಮಗನ ಮದುವೆಗೆ ಬಿಜಲಿಯನ್ನು ಹೇಳಿದ್ದರು. ದಾವಲಸಾಬನ ಅಣ್ಣನ ಮಗ ಜಹೀರುದ್ದೀನ, ನಲವತ್ತರ ಆಟೋ ಡ್ರೈವರ್, ಮೆರವಣಿಗೆಯಲ್ಲಿ ಹಗ್ಗ ಹಿಡಿಯುವವನು ಅವನೇ. ಆ ಮದುವೆಗೆಂದು ಸೊಲ್ಲಾಪುರದಿಂದ ಹಣೆಗೆ ಕಟ್ಟುವ ಹೊಸ ಹಿತ್ತಾಳೆ ಪಟ್ಟಿ ತಂದ. ಅಳತೆ ನೋಡಲೆಂದು ಕಟ್ಟಿ, ಅರ್ಧ ದಿನ ಹಾಗೇ ಬಿಟ್ಟ. ಅದರ ಅಂಚು ಬಲಗಣ್ಣಿನ ಮೇಲೆ, ನಾಲ್ಕು ಬೆರಳಿನಷ್ಟು ಎತ್ತರದಲ್ಲಿ ಚರ್ಮ ಸುಲಿಯಿತು. ಅರಿಸಿನ ಹಚ್ಚಿದರೂ ನೊಣ ಬಿಡಲಿಲ್ಲ. ಮೂರನೆಯ ದಿನ ಗಾಯದಲ್ಲಿ ಬಿಳಿಯ ಹುಳು ಮಿಸುಕಿದವು.

ಮದುವೆ ಮಾರನೆಯ ದಿನವಿತ್ತು. ಬೇರೆ ಹೊತ್ತಿನಲ್ಲಾದರೆ ಆಕೆ ಕೂತು ಒಂದೊಂದೇ ಹುಳು ಹೆಕ್ಕಿ, ಬೇವಿನ ನೀರಿನಿಂದ ತೊಳೆದು, ನಾಲ್ಕೈದು ದಿನ ಕಾಯುತ್ತಿದ್ದಳು. ಕಾಯಲು ದಿನಗಳಿರಲಿಲ್ಲ. ಗೂಡಿನಲ್ಲಿ ಸೀತಾಫಲದ ಬೀಜದ ಪುಡಿಯ ಡಬ್ಬಿ ಇತ್ತು. ಎಣ್ಣೆಯಲ್ಲಿ ಕಲಸಿ ಹಚ್ಚಿದರೆ ಹುಳು ಅಲ್ಲೇ ಸಾಯುತ್ತವೆ. ಎತ್ತಿನ ಹೆಗಲಿಗೆ, ಕುದುರೆಯ ಗೊರಸಿನ ಸಂದಿಗೆ ಆಕೆ ಎಷ್ಟೋ ಸಲ ಹಚ್ಚಿದ್ದಳು. ದಾವಲಸಾಬ ಹೇಳಿದ ಮಾತು ಆಕೆಗೆ ಆ ಗಳಿಗೆಯಲ್ಲೂ ನೆನಪಿತ್ತು: "ಕುತ್ತಿಗಿ ಮ್ಯಾಲ ಮಾತ್ರ ಒಯ್ಯಬ್ಯಾಡ. ಹುಳಕ್ಕ ಮೌತು ಆದದ್ದು ಕಣ್ಣಿಗೂ ಮೌತು."

ಆಕೆ ಒಂದು ಉಪಾಯ ಮಾಡಿದಳು. ಗಾಯದ ಕೆಳಗೆ ಜೇನುಮೇಣದ ಸಣ್ಣ ಕಟ್ಟೆ ಕಟ್ಟಿ, ಅದರ ಮೇಲಿನ ಗಾಯಕ್ಕಷ್ಟೇ ಕಡ್ಡಿಯ ತುದಿಯಿಂದ ಮದ್ದು ಇಟ್ಟಳು. ಬೆಳಗಾಗುವಷ್ಟರಲ್ಲಿ ಹುಳು ಸತ್ತಿದ್ದವು. ಗಾಯ ಸ್ವಚ್ಛವಾಗಿತ್ತು. ಮತ್ತೆ ನೊಣ ಕೂತೀತೆಂದು, ಮೆರವಣಿಗೆಗೆ ಮೊದಲು ಇನ್ನೊಂದು ಸಲ ಹಚ್ಚಿದಳು. ಹಿತ್ತಾಳೆ ಪಟ್ಟಿ ಬಿಟ್ಟು ಹಳೆಯ ಜಾಲರಿಯನ್ನೇ ಸಡಿಲವಾಗಿ ಕಟ್ಟಿದಳು. ಬೆವರು ಇಳಿದಾಗಲೆಲ್ಲ ಹಣೆ ಒತ್ತಿ ಒರೆಸುತ್ತಿದ್ದರೆ ಕಟ್ಟೆ ನಿಲ್ಲುತ್ತದೆ ಎಂಬುದು ಆಕೆಯ ಲೆಕ್ಕ. ಒರೆಸುವ ಕೈಯೊಂದು ಜೊತೆಗಿರಬೇಕಿತ್ತು, ಅಷ್ಟೇ.

ಆ ಕೈ ಆಕೆಯದಾಗಬಹುದಿತ್ತು. ಆದರೆ ಗಂಡ ಹೋದಂದಿನಿಂದ ಆಕೆ ಮೆರವಣಿಗೆಯಲ್ಲಿ ನಡೆದವಳಲ್ಲ. ಮದುಮಗನ ಮುಂದೆ ಗಂಡನಿಲ್ಲದ ಹೆಂಗಸು ಬರಬಾರದು ಎಂದು ಮೊದಲ ವರ್ಷ ಒಂದು ಮನೆಯವರು ಅಂದಿದ್ದರು. ಮರುವರ್ಷದಿಂದ ಯಾರೂ ಅನ್ನಬೇಕಾಗಲಿಲ್ಲ. ಮದುಮಗನ ಮನೆಯ ಬಾಗಿಲ ತನಕ ಕುದುರೆ ತಂದು, ಹಗ್ಗವನ್ನು ಜಹೀರುದ್ದೀನನಿಗೆ ಕೊಟ್ಟು, ಹಿಂದಿನ ಓಣಿಯಿಂದ ಮದುವೆಯ ಮಂಟಪಕ್ಕೆ ಹೋಗಿ ಕಾಯುತ್ತಿದ್ದಳು.

ಪಾಟೀಲರ ಹೆಂಡತಿ ಶಿವಕಾಂತಾ ಅವತ್ತು ಮನೆಯ ಕಟ್ಟೆಯ ಮೇಲೆ ನಿಂತು ಎಲ್ಲರಿಗೂ ಕೇಳುವಂತೆ ಕೂಗಿದಳು: "ಎಲ್ಲಿ ಹೊಂಟಿ ಖುರ್ಷಿದಬೀ? ಹಗ್ಗ ನೀನಽ ಹಿಡಿ. ನಮ್ಮದು ಬಸವಣ್ಣನ ಮನಿ. ಗಂಡ ಇದ್ದಾಕಿ, ಹೋದಾಕಿ ಅನ್ನೂದು ನಮ್ಮಲ್ಲಿ ಇಲ್ಲ."

"ಇರ್ಲಿ ಬಿಡ್ರಿ ಅಕ್ಕೋರ. ಹುಡುಗನ ದಿನ. ಒಬ್ಬರಿಲ್ಲ ಒಬ್ಬರು ಏನರೆ ಅಂದಾರು."

"ಯಾರಂತಾರ? ನಾ ನೋಡ್ತೇನಿ!"

ಖುರ್ಷಿದಬೇಗಂ ನಕ್ಕು ಹಿಂದೆ ಸರಿದಳು. ಜಹೀರುದ್ದೀನನ ಹೆಗಲ ಮೇಲೆ ಒಂದು ಬಟ್ಟೆ ಹಾಕಿದಳು. "ಕಂಬ ಕಂಬಕ್ಕ ನಿಲ್ಲಿಸಿ ಹಣಿ ಒರಸು. ಒತ್ತಿ ಒರಸು, ಕೆಳಗ ಎಳೀಬ್ಯಾಡ. ತಿಳೀತೇನು?"

"ತಿಳೀತು ಚಾಚಿ. ನಾನೇನು ಹೊಸಬನೇನು?"

ಎರಡು ತಾಸು ಮೆರವಣಿಗೆ ನಡೆಯಿತು. ಮುಂದೆ ಬ್ಯಾಂಡು, ಹಿಂದೆ ಡಿಜೆ, ನಡುವೆ ಗುಲಾಲು ತೂರುವ ಹುಡುಗರು. ಬೆದರಿದ ಕುದುರೆಯನ್ನು ಹಿಡಿಯಲು ಜಹೀರುದ್ದೀನನಿಗೆ ಎರಡು ಕೈಯೂ ಸಾಲಲಿಲ್ಲ. ಬಟ್ಟೆ ಎಲ್ಲಿ ಬಿತ್ತೆಂದು ಅವನಿಗೆ ಗೊತ್ತಾಗಲಿಲ್ಲ. ಮಂಟಪದ ಬಾಗಿಲಲ್ಲಿ ಕಾಯುತ್ತಿದ್ದ ಖುರ್ಷಿದಬೇಗಂಗೆ ದೂರದಿಂದಲೇ ಕಂಡಿತು: ಬಿಜಲಿ ತಲೆಯನ್ನು ಒಂದು ಕಡೆ ವಾಲಿಸಿಕೊಂಡು ಬರುತ್ತಿತ್ತು. ಬಲಗಣ್ಣು ಬಿಗಿಯಾಗಿ ಮುಚ್ಚಿತ್ತು. ಕಿತ್ತು ಜಾರಿದ ಮೇಣ ರೆಪ್ಪೆಗೂದಲಿಗೆ ಅಂಟಿತ್ತು.

ಆಕೆ ಕೊಡಗಟ್ಟಲೆ ನೀರು ಸುರಿದು ತೊಳೆದಳು. ಕುದುರೆ ನಡುಗುತ್ತ ನಿಂತಿತು, ಆದರೂ ಆಕೆಯ ಕೈಯಿಂದ ತಲೆ ಎಳೆದುಕೊಳ್ಳಲಿಲ್ಲ.

"ಗುಲಾಲ್ ಬಿತ್ತು ಚಾಚಿ," ಎಂದ ಜಹೀರುದ್ದೀನ. "ಹುಚ್ಚರಂಗ ತೂರಿದ್ರು."

ಮರುದಿನ ಬೆಳಿಗ್ಗೆ ಆಳಂದದಿಂದ ದನದ ಡಾಕ್ಟರ್ ಅರುಣಕುಮಾರ ಬೈಕಿನಲ್ಲಿ ಬಂದ. ಅವನ ಮುಂದೆಯೂ ಜಹೀರುದ್ದೀನ ಅದನ್ನೇ ಹೇಳಿದ. ಖುರ್ಷಿದಬೇಗಂ ಒಳಗೆ ಹೋಗಿ ಡಬ್ಬಿ ತಂದು ಡಾಕ್ಟರನ ಕೈಯಲ್ಲಿಟ್ಟಳು.

"ಗುಲಾಲ್ ಅಲ್ರಿ ಸಾಹೇಬ್ರ. ಇದು. ಎಣ್ಣ್ಯಾಗ ಕಲಸಿ ಹಣಿಗಿ ಹಚ್ಚಿದ್ದೆ."

ಡಾಕ್ಟರ್ ಡಬ್ಬಿಯ ಮುಚ್ಚಳ ತೆಗೆದು ಮೂಸಿ ನೋಡಿದ. "ಹೇಳಿದ್ದು ಛಲೋ ಮಾಡಿದ್ರಿ. ಎಣ್ಣಿ ಅದ ಅಂದ್ರ ಮತ್ತ ತೊಳೀಬೇಕು" ಎಂದ. ಸಲೈನ್ ಹಾಕಿ ಬಹಳ ಹೊತ್ತು ತೊಳೆದ. ದಿನಕ್ಕೆ ಆರು ಸಲ ಹಾಕಲು ಡ್ರಾಪ್ಸ್ ಕೊಟ್ಟ. ಬೆಳಕು ಬೀಳದ ಹಾಗೆ ಕರಿಯ ಬಟ್ಟೆ ಕಟ್ಟಿಸಿದ. "ಕಣ್ಣಿನ ಮ್ಯಾಲಿನ ಪದರ ಸುಟ್ಟದ. ಇಪ್ಪತ್ತು ದಿನ ನೋಡೋಣ. ಉಳದ್ರ ಉಳೀತದ."

ಆ ಇಪ್ಪತ್ತು ದಿನ ಆಕೆ ಮನೆ ಬಿಟ್ಟು ಕದಲಲಿಲ್ಲ. ಐದು ಹೊತ್ತಿನ ನಮಾಜಿಗೆ ಐದು ಸಲ, ಮಲಗುವ ಮೊದಲು ಒಂದು ಸಲ, ಹೀಗೆ ಡ್ರಾಪ್ಸಿನ ಆರು ಹೊತ್ತು ತಪ್ಪದಂತೆ ಗುರುತು ಮಾಡಿಕೊಂಡಳು. ದುವಾದಲ್ಲಿ ಕೈ ಎತ್ತಿದಾಗ ಬೇರೇನೂ ಕೇಳಲಿಲ್ಲ. ಹತ್ತನೆಯ ದಿನ ಬಟ್ಟೆ ತೆಗೆದಾಗ ಬಿಜಲಿ ಬಲಕ್ಕೆ ಕತ್ತು ತಿರುಗಿಸಿತು. ಕಂಡಿತೆಂದೇ ಆಕೆ ತಿಳಿದಳು. ಅದು ಕಾಗೆಯ ಸದ್ದಿಗೆ ತಿರುಗಿತ್ತು. ಇಪ್ಪತ್ತೊಂದನೆಯ ದಿನ ಡಾಕ್ಟರ್ ಬಲಗಡೆಯಿಂದ ಕೈ ಬೀಸಿದ. ಹಾಲಿನಂತೆ ಬೆಳ್ಳಗಾದ ಕಣ್ಣಿನ ರೆಪ್ಪೆ ಮಿಟುಕಲಿಲ್ಲ.

"ಹೋಗ್ಯದ ಅವ್ವಾರ," ಎಂದ ಮೆಲ್ಲಗೆ.

ಒಕ್ಕಣ್ಣಿನ ಕುದುರೆ ಮದುಮಗನಿಗೆ ಆಗದು. ಹೇಳಿಟ್ಟಿದ್ದ ಮದುವೆಯವರು ಒಬ್ಬೊಬ್ಬರಾಗಿ ಫೋನ್ ಮಾಡಿ ಬೇಡವೆಂದರು. ಖುರ್ಷಿದಬೇಗಂ ತೊಗರಿ ಕೊಯ್ಲಿನ ಕೂಲಿಗೆ ಹೋಗತೊಡಗಿದಳು. ಮಧ್ಯಾಹ್ನ ಉಳಿದವರು ಗಿಡದ ನೆರಳಿಗೆ ಬುತ್ತಿ ಬಿಚ್ಚಿದರೆ, ಆಕೆ ಮನೆಗೆ ಓಡಿ ಬಂದು ಕುದುರೆಯ ಬಲಗಡೆ ನಿಂತು ನೊಣ ಬೀಸಿ ಹೋಗುತ್ತಿದ್ದಳು. ಮದ್ದು ಕೇಳಲು ಬಂದವರಿಗೆಲ್ಲ ಮೊದಲು ಆ ಕಣ್ಣು ತೋರಿಸಿ, ತಾನು ಹಚ್ಚಿದ ಮದ್ದಿನಿಂದಲೇ ಹೋಯಿತೆಂದು ಹೇಳಿ, ಆಮೇಲೆ ಮದ್ದಿನ ಮಾತು ಆಡುತ್ತಿದ್ದಳು.

ಜಹೀರುದ್ದೀನನಿಗೆ ಇದನ್ನು ಸಹಿಸಲಾಗಲಿಲ್ಲ. "ಗುಲಾಲ್ ಅಂದಿದ್ರ ಏನ್ ಹೋಗ್ತಿತ್ತು ಚಾಚಿ? ನಾ ಪಾಟೀಲರ ಮನ್ಯಾಗ ಗುಲಾಲ್ ಅಂತನಽ ಹೇಳೇನಿ. ನೀ ಸುಮ್ಮನಿರು ಸಾಕು."

ಎರಡು ದಿನ ಬಿಟ್ಟು, ಒಂದು ಇಳಿಹೊತ್ತು, ಶಿವಕಾಂತಾ ತಾನೇ ನಡೆದು ಬಂದಳು. ಕುದುರೆಯ ಮುಂದೆ ನಿಂತು, ಆ ಕಣ್ಣನ್ನು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡಳು.

"ನಮ್ಮ ಹುಡುಗ್ರ ಕೈಲೆ ಹಿಂಗಾತಲ್ಲ ಬೇ. ಮದಿವಿ ಮನ್ಯಾಗ ಒಂದು ಮೂಕಜೀವದ ಕಣ್ಣು ಕಳದೀವಿ. ಅನ್ನ ಗಂಟಲದಾಗ ಇಳೀವಲ್ದು. ಅಫಜಲಪುರದಾಗ ನಮ್ಮಣ್ಣನ ಹಂತ್ಯಾಕ ನಾಕು ವರ್ಷದ ಬಿಳಿ ಹೆಣ್ಣಗುದುರಿ ಅದ. ನಿನಗ ಕೊಡಸ್ತೇನಿ. ನಾಳಿ ಟೆಂಪೋದಾಗ ಬರ್ತದ. ಬಿಜಲೀನ ನಮ್ಮ ಹೊಲಕ್ಕ ಬಿಡು, ಮೇಯ್ಕೋತ ಇರ್ಲಿ."

ಖುರ್ಷಿದಬೇಗಂ ಆಕೆಗೆ ಚಾಪೆ ಹಾಸಿದಳು, ನೀರು ಕೊಟ್ಟಳು. ಆಮೇಲೆ ಹೇಳಿದಳು: "ಗುಲಾಲ್ ಅಲ್ರಿ ಅಕ್ಕೋರ. ನಮ್ಮ ಜಹೀರ ಸುಳ್ಳ ಹೇಳ್ಯಾನ. ನಾ ಹಚ್ಚಿದ ಮದ್ದು ಇಳದು ಹೋಗ್ಯದ. ನಿಮ್ಮ ಮನಿಯವರ ತಪ್ಪು ಎಳ್ಳಷ್ಟೂ ಇಲ್ಲ."

ಶಿವಕಾಂತಾ ನೀರಿನ ಲೋಟ ಹಿಡಿದುಕೊಂಡೇ ಕೂತಳು.

"ನಾ ಅವತ್ತು ಹಗ್ಗ ಹಿಡಿ ಅಂದಿದ್ದೆ."

"ಅಂದಿದ್ರಿ."

"ನೀ ಹಂತ್ಯಾಕ ಇದ್ದಿದ್ರ ಒರಸ್ತಿದ್ದಿ."

"ಒರಸ್ತಿದ್ದೆ."

"ಮತ್ತ ಯಾಕ ಬರಲಿಲ್ಲ ಬೇ?"

"ಹಿಂದ ಸರದು ಸರದು ಅದಽ ರೂಢಿ ಆಗಿತ್ರಿ. ನೀವು ಬಾ ಅಂದಾಗ ಕಾಲು ಏಳಲಿಲ್ಲ."

ಶಿವಕಾಂತಾ ಲೋಟ ಕೆಳಗಿಟ್ಟು ಆಕೆಯ ಕೈ ಹಿಡಿದಳು. "ತಪ್ಪು ಯಾರದರೆ ಇರ್ಲಿ. ಕುದುರಿ ತಗೋ. ತಪ್ಪಿಗಲ್ಲ, ನಿನಗ ಕೊಡಾಕತ್ತೇನಿ. ಈ ವಯಸ್ಸಿನ್ಯಾಗ ತೊಗರಿ ಕೊಯ್ಯೂದು ನೋಡಾಕ ಆಗಂಗಿಲ್ಲ ನನಗ."

ನಾಲ್ಕು ವರ್ಷದ ಕುದುರೆ. ಎರಡೂ ಕಣ್ಣು ನೆಟ್ಟಗಿರುವ, ಬಿಳಿಯ ಕುದುರೆ. ಖುರ್ಷಿದಬೇಗಂ ಅದನ್ನು ಅಂಗಳದಲ್ಲಿ ನಿಂತಂತೆಯೇ ಕಂಡಳು. ಅದರ ಬೆನ್ನಿಗೆ ಯಾವ ಜೀನು ಹೊಂದೀತೆಂಬುದನ್ನೂ ಆ ಒಂದು ಗಳಿಗೆಯಲ್ಲಿ ಎಣಿಸಿದಳು. ಎಣಿಸಿದ್ದು ತನಗೇ ಗೊತ್ತಾಗಿ ತಲೆ ತಗ್ಗಿಸಿದಳು.

"ನಿಮ್ಮ ಹೊಲದಾಗ ಎಮ್ಮಿ ಅವ, ತಿಪ್ಪಿ ಅದ. ಬಲಗಡೆ ನೊಣ ಬಂದ್ರ ಬಿಜಲಿಗಿ ಕಾಣೂದಿಲ್ಲ. ಆ ಕಡಿ ಯಾರು ನಿಂದರ್ತಾರ್ರಿ?"

"ಆಳು ಇಡ್ತೇನಿ."

"ಆಳು ಎರಡು ದಿನ ನಿಂತಾನು. ಇಲ್ಲೇ ಎರಡೂ ಇಟ್ಕೋತೇನಿ ಅಂದ್ರೂ ನನ್ನಿಂದ ಆಗೂದಿಲ್ಲ. ಹೊಸಾದು ಬಂತಂದ್ರ ನನ್ನ ಮನಸ್ಸು ಅದರ ಕಡಿ ಹೋಗ್ತದ್ರಿ. ಈಗಽ ಅರ್ಧ ಹೋಗಿ ಬಂತು." ಆಕೆ ಮೆಲ್ಲಗೆ ಕೈ ಬಿಡಿಸಿಕೊಂಡಳು. "ನಿಮ್ಮ ದಿಲ್ ದೊಡ್ಡದದ ಅಕ್ಕೋರ. ಅಲ್ಲಾ ನಿಮ್ಮ ಮಗನ್ನ, ಸೊಸೀನ ಖುಷ್ ಇಡ್ಲಿ. ಆದ್ರ ಕುದುರಿ ಬ್ಯಾಡ. ಅಣ್ಣೋರಿಗಿ ಫೋನ್ ಹಚ್ಚಿ, ಟೆಂಪೋ ಕಳಸಬ್ಯಾಡ ಅಂತ ಈಗಽ ಇಲ್ಲಿಂದನಽ ಹೇಳ್ರಿ. ನಾಳಿ ಕೇಳಿದ್ರ ನನ್ನ ಬಾಯಿ ಏನಂತದೋ ನನಗ ಗೊತ್ತಿಲ್ಲ."