ಕರವಸ್ತ್ರ ಹಾಕಿದ ಸೀಟು

ಕಿಟಕಿಯಿಂದ ಒಳಗೆಸೆದ ಒಂದು ಕರವಸ್ತ್ರಕ್ಕೆ ನಮ್ಮ ಖಾಸಗಿ ಬಸ್ಸುಗಳಲ್ಲಿದ್ದ ಮರ್ಯಾದೆ ನೋಂದಾಯಿತ ಕ್ರಯಪತ್ರಕ್ಕೂ ಇರಲಿಲ್ಲ ಎಂದರೆ ನೀವು ನಗಬಹುದು. ಮೂಗು ಒರೆಸಿ ಮಾಸಿದ ಚೌಕ ಬಟ್ಟೆಯೊಂದು ಸೀಟಿನ ಮೇಲೆ ಬಿತ್ತೆಂದರೆ, ಎಂಥ ಜಗಳಗಂಟನೂ ಅದನ್ನು ಮುಟ್ಟದೆ ಗೊಣಗುತ್ತಾ ಮುಂದೆ ಸಾಗುತ್ತಿದ್ದ. ತೊಂಬತ್ತರ ದಶಕದ ಕೊನೆಯಲ್ಲಿ, ದುರ್ಗಿಗುಡಿಯ ಮನೆಯಿಂದ ಭದ್ರಾವತಿಯ ಶಾಲೆಗೆ ಪಾಠ ಹೇಳಲು ದಿನವೂ ಹೋಗಿಬರುತ್ತಿದ್ದ ನಾನು ಈ ವಸ್ತ್ರಶಾಸನದ ದೊಡ್ಡ ಫಲಾನುಭವಿ.

ಬಟ್ಟೆ ನನ್ನದಲ್ಲ, ಗಿರೀಶನದು. ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ ಈ ಸಂಭಾವಿತ ಹುಡುಗ, ಭದ್ರಾವತಿಯ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಕಲಿಸುತ್ತಿದ್ದ ಶಾರದೆಗಾಗಿ ಬೇಗ ಬಂದು ಇಬ್ಬರು ಕೂರುವ ಸೀಟು ಹಿಡಿಯುತ್ತಿದ್ದ. ಪಕ್ಕದಲ್ಲಿ ತಾನೇ ಕೂತರೆ ಜನ ಏನೆನ್ನುವರೋ ಎಂಬ ಸಂಕೋಚದಿಂದ ನನ್ನನ್ನು ಕೂರಿಸಿ, ತಾನು ಕಂಬಿ ಹಿಡಿದು ನಿಲ್ಲುತ್ತಿದ್ದ. ಹೀಗಿರುವಾಗ ಪ್ರೇಮವಿವಾಹದ ವಿಷಯದಲ್ಲಿ ನಾನು ಎಷ್ಟು ಉದಾರಿಯಾಗಿದ್ದೆನೆಂದು ಬೇರೆ ಹೇಳಬೇಕೆ? ಅವರಿಬ್ಬರ ಮದುವೆಗೆ ಎರಡೂ ಮನೆಯವರು ಒಪ್ಪಿದಾಗ ಎಲ್ಲರಿಗಿಂತ ಹೆಚ್ಚು ಸಂಭ್ರಮಿಸಿದವಳು ನಾನೇ.

ಮರುವಾರ ಶಾರದೆ ಆ ಸೀಟಿಗೆ ಬರಲಿಲ್ಲ. ಸ್ವಲ್ಪ ಹಿಂದೆ ನಿಂತುಬಿಟ್ಟಳು. ನಾನು ಮಾತ್ರ ನಾಚಿಕೆಯಿಲ್ಲದೆ ಕೂತೆ, ಕುತೂಹಲ ತಾಳಲಾರದೆ ಕಿವಿಯನ್ನಷ್ಟೇ ಹಿಂದಕ್ಕೆ ಬಿಟ್ಟು.

ಗಿರೀಶ ಅವಳ ಬಳಿ ಹೋಗಿ, “ಕೂತ್ಕೊ ಮಾರಾಯ್ತಿ, ನಿಂಗೋಸ್ಕರ ತಾನೆ ಹಿಡ್ದಿರೋದು,” ಎಂದ.

“ಮದುವೆ ಆದ್ಮೇಲೆ ಕೆಲಸ ಬಿಡ್ತಾಳೆ ಅಂತ ನಿಮ್ಮನೇಲಿ ನೀವೇ ಹೇಳಿದ್ರಂತಲ್ಲ, ಅದೂ ನಂಗೋಸ್ಕರನೇನ್ರೀ? ನನ್ನ ಒಂದ್ಮಾತು ಕೇಳಿದ್ರಾ?”

“ದಿನಾ ಈ ಬಸ್ಸಲ್ಲಿ ಒದ್ದಾಡೋದು ತಪ್ಪಲಿ ಅಂತ ಹೇಳ್ದೆ.”

“ಒದ್ದಾಡೋದು ನಂಗಿಷ್ಟ.”

ಅವನ ದನಿಯಲ್ಲಿ ಕಪಟವಿರಲಿಲ್ಲ; ತಿರುಗಿ ನೋಡಿದರೆ ಅವಳ ಕಣ್ಣು ತುಂಬಿತ್ತು. ಅದೇ ನನಗೆ ಕಷ್ಟವಾದದ್ದು. ಪ್ರೀತಿಯಿಂದಲೇ ಒಬ್ಬರ ಪರವಾಗಿ ಇನ್ನೊಬ್ಬರು ತೀರ್ಮಾನ ಮಾಡಿಬಿಡುವುದು ಎಷ್ಟು ಸುಲಭ! ಅದನ್ನು ದಿನವೂ ನೋಡುತ್ತ ನಾನು ಹಾಯಾಗಿ ಕೂತಿದ್ದೆ. ಆ ವಾರವೆಲ್ಲ ಇಬ್ಬರೂ ದೂರ ದೂರ ನಿಂತೇ ಪ್ರಯಾಣಿಸಿದರು.

ಸೋಮವಾರ ನಾನು ಬಸ್ಸು ಹತ್ತಿದಾಗ ಶಾರದೆ ಆಗಲೇ ಕಿಟಕಿಯ ಪಕ್ಕ ಕೂತಿದ್ದಳು. ಪಕ್ಕದ ಸೀಟಿನಲ್ಲಿ ಅವಳದೇ ಹೂವಿನಂಚಿನ ಕರವಸ್ತ್ರ. ಅಭ್ಯಾಸಬಲದಿಂದ ಅದನ್ನೆತ್ತಲು ಕೈ ಚಾಚಿದೆ.

“ಟೀಚರ್, ಇವತ್ತು ನಿಮಗಲ್ಲ,” ಎಂದಳು. ಅಷ್ಟರಲ್ಲಿ ಗಿರೀಶ ಬಂದ. ಅವನತ್ತ ತಿರುಗಿ ಶಾರದೆ ಹೇಳಿದಳು, “ನಾನು ಕೆಲಸ ಬಿಡಲ್ಲ. ಒಪ್ಪಿಗೆ ಇದ್ರೆ ಕೂತ್ಕೊಳ್ಳಿ. ಇಲ್ಲಾಂದ್ರೆ ಟೀಚರ್‌ಗೆ ಬಿಡಿ.”

ಬಸ್ಸು ಹೊರಟಿತು. ಕಾಲಿಡಲು ಜಾಗವಿಲ್ಲದ ಆ ಬಸ್ಸಿನಲ್ಲಿ ಒಂದು ಸೀಟು ಮಾತ್ರ ಖಾಲಿ; ಗಿರೀಶ ಕೆಂಪೇರಿದ ಮುಖ ಹೊತ್ತು ನಿಂತೇ ಇದ್ದ. ಕೂರುತ್ತಾನೋ ಇಲ್ಲವೋ ಎಂದು ನಾನು ಅವನನ್ನೇ ನೋಡುತ್ತಿದ್ದೆ. ದಾರಿಯಲ್ಲಿ ಮಲವಗೊಪ್ಪ ದಾಟಿದ ಮೇಲೆ ಅವನು ಕರವಸ್ತ್ರವನ್ನೆತ್ತಿ, ಮಡಿಚಿ, ಅವಳ ಕೈಗೆ ಕೊಟ್ಟು ಕೂತ.

“ಮನೇಲಿ ನಾನೇ ಹೇಳ್ತೀನಿ,” ಎಂದ.

“ಬೇಡ. ನಾನೇ ಹೇಳ್ತೀನಿ. ನೀವು ಪಕ್ಕದಲ್ಲಿರಿ.”

ಭದ್ರಾವತಿ ಬರುವವರೆಗೂ ನಾನು ನಿಂತೇ ಇದ್ದೆ. ಮಂಡಿ ಬಹಳ ನೋಯುತ್ತಿತ್ತು, ಬಹಳ ಸಂತೋಷವೂ ಆಗಿತ್ತು.