ಪಟ್ಟಿಯಲ್ಲಿ ಇಲ್ಲದ ಮೂರು ಬೊಂಡ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಆಸ್ಪತ್ರೆಯಲ್ಲಿ ಎಲ್ಲರೂ ಹೇಳುತ್ತಾರೆ. ಹೇಳಲಿ. ಬಂಟ್ವಾಳದ ಒಂದೇ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷ ನರ್ಸ್ ಆಗಿ ದುಡಿದವಳಿಗೆ ಅಷ್ಟೂ ಸಿಟ್ಟು ಬೇಡವೇ? ಆದರೆ ಮಕ್ಕಳ ಐಸಿಯುನಲ್ಲಿ ನಾನು ಬರೆಯುತ್ತಿದ್ದ ಪಟ್ಟಿಯ ಬಗ್ಗೆ ಯಾರೂ ಚಕಾರ ಎತ್ತಿದ್ದಿಲ್ಲ. ಮಗುವಿನ ಮೈಗೆ ಎಷ್ಟು ನೀರು ಹೋಯಿತು, ಎಷ್ಟು ಹೊರಗೆ ಬಂತು ಎಂದು ಗಂಟೆಗಂಟೆಗೂ ಬರೆಯುವ ಪಟ್ಟಿ ಅದು. ನನ್ನ ಕೈಬರಹ ಕಂಡರೆ ಡಾಕ್ಟರುಗಳು ಮತ್ತೆ ಕೇಳುತ್ತಿರಲಿಲ್ಲ.

ನಮ್ಮ ಮಕ್ಕಳ ಡಾಕ್ಟರು ದಿನಾ ಮೂಡುಬಿದಿರೆ ಕಡೆಯ ಬೆಳುವಾಯಿಯಿಂದ ಬರುವ ಹೆಂಗಸು. ಹೊಸದಾಗಿ ಸೇರಿದಾಗ ಅವರಿಗೆ ಎಳೆಮಕ್ಕಳ ಕೈಯಲ್ಲಿ ನರ ಹುಡುಕಲು ಬರುತ್ತಿರಲಿಲ್ಲ. ಕೈ ಹಿಡಿದು ಕಲಿಸಿದವಳು ನಾನು. ಅಂದಿನಿಂದ ನನ್ನನ್ನು ‘ಅಕ್ಕ’ ಎಂದೇ ಕರೆಯುತ್ತಿದ್ದರು. ಆಮೇಲೆ ಅವರು ಹಟ ಹಿಡಿದು, ಮಂಚದ ಪಕ್ಕಕ್ಕೇ ತಳ್ಳಿಕೊಂಡು ಬರುವ ಪುಟ್ಟ ಸ್ಕ್ಯಾನಿಂಗ್ ಮಷೀನು ತರಿಸಿದರು. ಎದೆಗೂಡಿನ ಕೆಳಗೆ ಜೆಲ್ ಹಚ್ಚಿ ಒತ್ತಿದರೆ, ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಪರದೆಯಲ್ಲಿ ಕಾಣುತ್ತದೆ. ಉಸಿರೆಳೆದಾಗಲೆಲ್ಲ ಅದು ಚಪ್ಪಟೆಯಾಗುತ್ತಿದ್ದರೆ ಮಗುವಿಗೆ ಇನ್ನೂ ನೀರು ಬೇಕಾಗಿರಬಹುದು. ಉಬ್ಬಿ ಅಲುಗದೆ ನಿಂತರೆ ಸಾಕು ಮಾಡಬೇಕು.

“ಇದು ಮತ್ತು ನಿಮ್ಮ ಚಾರ್ಟು ಎರಡೂ ಇದ್ರೆ ನನಗೆ ಹೆದರಿಕೆ ಇಲ್ಲ ಅಕ್ಕ” ಎಂದಿದ್ದರು. ಆ ಮಾತನ್ನು ನಾನು ಮನೆಯಲ್ಲಿ ಎರಡು ಸಲ ಹೇಳಿಕೊಂಡೆ.

ಹೋದ ಮಳೆಗಾಲದಲ್ಲಿ ನರಿಕೊಂಬಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿಯ ಮೊಮ್ಮಗಳಿಗೆ ಜ್ವರ ಬಂತು. ಹುಡುಗಿಗೆ ಏಳು ವರ್ಷ. ಅವಳ ಅಪ್ಪನ ಮನೆ ಬೆಳ್ತಂಗಡಿಯ ಹತ್ತಿರ ಲಾಯಿಲದಲ್ಲಿ. ತಾಯಿ ಎರಡನೆಯ ಹೆರಿಗೆಗೆಂದು ತವರಿಗೆ ಬಂದಿದ್ದಳು, ಜೊತೆಗೆ ಇವಳೂ. ಬೇಲಿಯ ಆಚೆಯಿಂದ ಅಜ್ಜಿ ಕೇಳಿದಾಗ ನಾನೇ ಹೇಳಿದ್ದೆ: “ಬೊಂಡ ಕೊಡಿ, ಗಂಜಿ ತಿಳಿ ಕೊಡಿ. ಒಳ್ಳೆ ಕುಡೀಲಿ.” ಎಳನೀರಿಗೆ ನಮ್ಮಲ್ಲಿ ಬೊಂಡ ಎನ್ನುತ್ತೇವೆ. ಮನೆಯಲ್ಲಿ ಜ್ವರ ಶುರುವಾದ ಮಗುವಿಗೆ ಹೇಳುವ ಮಾತೇ ಅದು, ತಪ್ಪೇನಿಲ್ಲ.

ನಾಲ್ಕನೆಯ ದಿನ ಹುಡುಗಿಯನ್ನು ಎತ್ತಿಕೊಂಡು ನಮ್ಮ ಐಸಿಯುಗೆ ತಂದರು. ಡೆಂಗಿ. ಕೈಕಾಲು ತಣ್ಣಗೆ, ನಾಡಿ ಸಿಗುವುದೇ ಕಷ್ಟ. ಡಾಕ್ಟರು ಮಷೀನು ಒತ್ತಿ ನೋಡಿದರು, ನಾಳ ಚಪ್ಪಟೆ. ಡ್ರಿಪ್ ಏರಿಸಿದೆವು, ಸಂಜೆಯೊಳಗೆ ಕೈ ಬೆಚ್ಚಗಾಯಿತು. ಆದರೆ ಈ ಜ್ವರ ಮಹಾ ಕಪಟಿ. ರಕ್ತನಾಳದಿಂದ ನೀರು ಸೋರುತ್ತಲೇ ಇರುತ್ತದೆ. ಕಡಿಮೆ ಕೊಟ್ಟರೆ ಬಿಪಿ ಬೀಳುತ್ತದೆ, ಹೆಚ್ಚು ಕೊಟ್ಟರೆ ಶ್ವಾಸಕೋಶದಲ್ಲಿ ತುಂಬುತ್ತದೆ. ಇನ್ನೆರಡು ದಿನ ಒಂದೊಂದು ಚಮಚವೂ ಲೆಕ್ಕ ಎಂದು ಡಾಕ್ಟರು ಹೇಳಿದರು.

ತಾಯಿ ಹಸಿ ಬಾಣಂತಿ, ಬರುವಂತಿಲ್ಲ. ಐಸಿಯುನಲ್ಲಿ ಮನೆಯವರಿಗೆ ದಿನಕ್ಕೆರಡು ಸಲ ಐದೈದು ನಿಮಿಷ ಮಾತ್ರ. ಅಜ್ಜಿಯನ್ನು ನಾನು ನನ್ನ ಜವಾಬ್ದಾರಿಯ ಮೇಲೆ ಮಂಚದ ಪಕ್ಕ ಕೂರಲು ಬಿಟ್ಟೆ. ನನ್ನ ಬಾಣಂತನದಲ್ಲಿ ನನಗೆ ಕಷಾಯ ಕಾಯಿಸಿ ಕೊಟ್ಟ ಕೈ ಅದು, ಹೇಗೆ ಇಲ್ಲ ಎನ್ನಲಿ?

“ಅಜ್ಜಿ, ಇಲ್ಲಿ ಬಾಯಿಗೆ ಒಂದು ಚಮಚ ನೀರಾದ್ರೂ ನಾವು ಅಳೆದು ಕೊಡುದು. ನೀವು ಎಂತದೂ ಕೊಡ್ಬಾರ್ದು, ಆಯ್ತಾ?”

“ಅಷ್ಟೂ ಗೊತ್ತಾಗುದಿಲ್ವಾ ನನಗೆ, ಮಗಾ?”

ಮರುದಿನ ಮಧ್ಯಾಹ್ನ ಹುಡುಗಿಗೆ ಏದುಸಿರು ಹತ್ತಿತು. ಡಾಕ್ಟರು ಓಡಿ ಬಂದು ಮಷೀನು ಒತ್ತಿದರು. ನಾಳ ಉಬ್ಬಿ ನಿಂತಿತ್ತು. ಎದೆಯ ಮೇಲೆ ಇಟ್ಟರೆ ಪರದೆಯ ತುಂಬ ಮೇಲಿನಿಂದ ಕೆಳಗೆ ಬಿಳಿ ಗೆರೆಗಳು. ಶ್ವಾಸಕೋಶಕ್ಕೆ ನೀರು ಬಂದಿತ್ತು.

“ಅಕ್ಕ, ಎಂತಾದ್ರೂ ಬರೆಯುದು ಬಿಟ್ಟುಹೋಗಿದ್ಯಾ?”

ನನಗೆ ಮೈಯೆಲ್ಲ ಉರಿಯಿತು. “ಒಂದು ಮಿಲಿ ಬಿಟ್ಟಿಲ್ಲ. ನಿಮ್ಮ ಮಷೀನು ಹಾಳಾಗಿರ್ಬೇಕು!” ಎಂದುಬಿಟ್ಟೆ.

ಅವರು ಜಗಳಕ್ಕೆ ನಿಲ್ಲಲಿಲ್ಲ. ಆಕ್ಸಿಜನ್ ಏರಿಸಿ, ಡ್ರಿಪ್ ಇಳಿಸಿ, ಮೂತ್ರ ಹೋಗುವ ಇಂಜೆಕ್ಷನ್ ಕೊಡಿಸಿ, ಲಾಯಿಲದಿಂದ ಬಂದಿದ್ದ ಹುಡುಗಿಯ ಅಪ್ಪನಿಗೆ ವಿಷಯ ಹೇಳಲು ಹೊರಗೆ ಹೋದರು. ನಾನು ಬೆಡ್‌ಶೀಟು ಬದಲಿಸಲು ಬಗ್ಗಿದೆ. ದಿಂಬಿನ ಬದಿಯಲ್ಲಿ ಕಂದು ಕಲೆ. ಎಷ್ಟು ಸೋಪು ಹಾಕಿದರೂ ಹೋಗದ ಬೊಂಡದ ಕಲೆಯನ್ನು ಈ ಊರಿನ ಯಾವ ಹೆಂಗಸಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ.

“ಅಜ್ಜಿ, ಎಂತಾದ್ರೂ ಕೊಟ್ರಾ?”

“ಎಂತದೂ ಇಲ್ಲ ಮಗಾ.”

ಅವರ ಚೀಲದಿಂದ ಸ್ಟೀಲಿನ ಫ್ಲಾಸ್ಕು ತೆಗೆದು ಮುಚ್ಚಳ ಬಿಚ್ಚಿದೆ. ಬೊಂಡದ ವಾಸನೆ. ತಳದಲ್ಲಿ ಎರಡು ಗುಟುಕು ಉಳಿದಿತ್ತು. ಬೆಳಿಗ್ಗೆಯಿಂದ ಮೂರು ಬೊಂಡ ಆಗಿದೆ ಎಂದು ಅಜ್ಜಿ ಪಿಸುಗುಟ್ಟಿದರು. ಅಷ್ಟರಲ್ಲಿ ಡಾಕ್ಟರು ಹುಡುಗಿಯ ಅಪ್ಪನನ್ನು ಕರೆದುಕೊಂಡು ಒಳಗೆ ಬಂದರು.

“ಅತ್ತೆ, ಇದೆಂತ?” ಎಂದು ಆತ ಕೇಳಿದ.

ಅಜ್ಜಿ ಅಳಿಯನ ಮುಖ ನೋಡಿದರು, ನೆಲ ನೋಡಿದರು, ಆಮೇಲೆ ನನ್ನನ್ನು ನೋಡಿದರು. “ಸಿಸ್ಟರೇ ಹೇಳಿದ್ದಲ್ವಾ, ಬೊಂಡ ಕೊಡಿ ಅಂತ.”

ಅಯ್ಯೋ ದೇವರೇ! ಅಂದಿನವರೆಗೆ ಅವರು ನನ್ನನ್ನು ಒಮ್ಮೆಯೂ ಸಿಸ್ಟರ್ ಎಂದು ಕರೆದಿರಲಿಲ್ಲ.

“ಹೇಳಿದ್ದು ಹೌದಾ?” ಡಾಕ್ಟರು ಕೇಳಿದರು.

“ಹೌದು, ಆದ್ರೆ ಅದು ಮನೆಯಲ್ಲಿ, ಜ್ವರ ಬಂದ ದಿನ...” ಅಷ್ಟರಲ್ಲೇ ಹುಡುಗಿಯ ಅಪ್ಪ ಕೂಗಾಡತೊಡಗಿದ. ‘ಹೌದು’ ಒಂದೇ ಎಲ್ಲರ ಕಿವಿಗೆ ಬಿತ್ತು.

“ಸಿಸ್ಟರ್, ಆಮೇಲೆ ಮಾತಾಡುವ” ಎಂದರು ಡಾಕ್ಟರು. ಆ ‘ಆಮೇಲೆ’ ಬರಲೇ ಇಲ್ಲ.

ಹುಡುಗಿ ಬದುಕಿದಳು. ಮೂರು ದಿನದಲ್ಲಿ ವಾರ್ಡಿಗೆ ಹೋದಳು. ನನ್ನಿಂದ ವಿವರಣೆ ಬರೆಸಿಕೊಂಡು, ಐಸಿಯುನಿಂದ ತೆಗೆದು ಚುಚ್ಚುಮದ್ದಿನ ಕೋಣೆಯ ಕೆಲಸಕ್ಕೆ ಹಾಕಿದರು. ಮಷೀನಿನ ಮೇಲೆ ನನಗೆ ಸಿಟ್ಟಿಲ್ಲ. ಅವತ್ತು ನಿಜ ಹೇಳಿದ್ದು ಅದೊಂದೇ. ನಾನು ನರ ಹಿಡಿಯಲು ಕಲಿಸಿದವರು, ನನ್ನ ಮಾತು ಮುಗಿಯುವವರೆಗೆ ಕಾಯಲಿಲ್ಲವಲ್ಲ ಎಂದು ಹೊಟ್ಟೆ ಉರಿಯುತ್ತದೆ. ಅಜ್ಜಿಯ ವಿಷಯದಲ್ಲಿ ಮಾತ್ರ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ವಯಸ್ಸಾಗಿದೆ, ಯಾವಾಗ ಹೇಳಿದ್ದೆಂದು ಕಲಸಿಹೋಗಿರಬೇಕು, ಪಾಪ.

ತಿಂಗಳಾದ ಮೇಲೆ ಒಂದು ಭಾನುವಾರ ಅಜ್ಜಿ ಬೇಲಿಯ ಹತ್ತಿರ ಬಂದು, ಕೆತ್ತಿದ ಬೊಂಡ ಒಂದನ್ನು ನನ್ನ ಕೈಗಿಟ್ಟರು. ಹುಡುಗಿ ಅವರ ಸೆರಗು ಹಿಡಿದು ನಿಂತಿದ್ದಳು, ಕೆನ್ನೆ ತುಂಬಿಕೊಂಡಿತ್ತು.

“ಅಜ್ಜಿ, ಡಾಕ್ಟ್ರ ಹತ್ರ ಒಂದು ಮಾತು ಹೇಳ್ತೀರಾ? ಐಸಿಯುನಲ್ಲಿ ನಾನು ಬೇಡ ಅಂದಿದ್ದೆ ಅಂತ.”

“ಇನ್ನೆಂತಕ್ಕೆ ಅದು? ಮಗು ಹುಷಾರಾಯ್ತಲ್ಲ. ಅಳಿಯನ ಮನೆಯವರಿಗೆ ನಾನು ಮುಖ ತೋರಿಸುದು ಬೇಡ್ವಾ? ನೀನು ನಮ್ಮವಳಲ್ವಾ ಮಗಾ.”

ಹುಡುಗಿ ನನ್ನ ಕೈಯ ಬೊಂಡ ನೋಡಿ ನಕ್ಕಳು. “ಆಂಟಿ, ಆಸ್ಪತ್ರೆಯಲ್ಲಿ ಅಜ್ಜಿ ನನಗೆ ಇದನ್ನೇ ಕೊಟ್ಟದ್ದು. ನೀವು ಆಚೆ ಹೋದಾಗ ಬೇಗ ಬೇಗ ಕುಡಿ, ಆಂಟಿಗೆ ಗೊತ್ತಾದ್ರೆ ಬೈತಾರೆ ಅಂದ್ರು.”

ಅಜ್ಜಿ ಅವಳ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಬೊಂಡವನ್ನು ಬೇಲಿಯ ಕಲ್ಲಿನ ಮೇಲೆ ಇಟ್ಟು ಒಳಗೆ ಬಂದೆ.